ಕಲರ್ ದೊಡ್ಡದೋ, ಸೀಕ್ವೆನ್ಸ್ ದೊಡ್ಡದೋ? ಇಸ್ಪೀಟ್ ಎಲೆಗಳ ಲೆಕ್ಕ ಮತ್ತು ಅಡ್ಡಹೆಸರುಗಳ ಮೋಡಿ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಪಿಜಿಗಳಲ್ಲಿ ದೀಪಾವಳಿ ಹೊತ್ತಿಗೆ ಇಸ್ಪೀಟ್ ಕಟ್ಟು ಹೊರಬಂದರೆ ಒಂದು ಜಗಳ ಗ್ಯಾರಂಟಿ. ಉತ್ತರ ಭಾರತದ ಸಹೋದ್ಯೋಗಿ ತೀನ್ ಪತ್ತಿ ಆಡಿ ಬೆಳೆದವರು, ಅವರಿಗೆ ಸೀಕ್ವೆನ್ಸ್ ಮುಂದೆ ಕಲರ್ ಸೋಲುತ್ತದೆ. ಫೋನಿನಲ್ಲಿ ಪೋಕರ್ ಕಲಿತವರಿಗೆ ಕಲರ್, ಅಂದರೆ ಫ್ಲಶ್, ಸೀಕ್ವೆನ್ಸಿಗಿಂತ ದೊಡ್ಡದು. ಪೀಣ್ಯದ ಕಾರ್ಖಾನೆಯಿಂದ ಯುಗಾದಿಗೆ ಊರಿಗೆ ಹೋದವರು ಅರಳಿಕಟ್ಟೆಯ ಆಟದಲ್ಲಿ ಇದೇ ವಾದ ಕೇಳಿರುತ್ತಾರೆ.

ಯಾರು ಸರಿ? ಇಬ್ಬರೂ ಸರಿ. ಅದು ಯಾಕೆ ಎಂದು ತಿಳಿದುಕೊಂಡರೆ ಎಲೆಗಳ ಇಡೀ ದರ್ಜೆಪಟ್ಟಿ ಅರ್ಥವಾಗುತ್ತದೆ. ಜೊತೆಗೆ, ಈ ಪಟ್ಟಿ ಗೊತ್ತಿದ್ದರೆ ದುಡ್ಡು ಗೆಲ್ಲಬಹುದು ಎಂಬ ನಂಬಿಕೆ ಎಲ್ಲಿ ಮುರಿಯುತ್ತದೆ ಎಂಬುದೂ ತಿಳಿಯುತ್ತದೆ.

ಅಪರೂಪವಾದದ್ದೇ ದೊಡ್ಡದು

ಒಂದು ಕಟ್ಟಿನಲ್ಲಿ 52 ಎಲೆ. ಇಸ್ಪೀಟು, ಆಟೀನು, ಡೈಮಂಡ್, ಕಳಾವರ ಎಂದು ನಾಲ್ಕು ಜಾತಿ, ಪ್ರತಿ ಜಾತಿಯಲ್ಲಿ ಎಕ್ಕದಿಂದ ರಾಜನವರೆಗೆ 13 ಎಲೆ. ಇದರಿಂದ 5 ಎಲೆ ತೆಗೆದರೆ ಒಟ್ಟು 25,98,960 ಬಗೆಯ ‘ಕೈ’ಗಳು ಸಾಧ್ಯ. ಪೋಕರ್‌ನ ನಿಯಮ ಸರಳ: ಯಾವ ಕೈ ಬರುವುದು ಕಷ್ಟವೋ ಅದು ದೊಡ್ಡದು.

- ರಾಯಲ್ ಫ್ಲಶ್ (ಒಂದೇ ಜಾತಿಯ 10, ಗುಲಾಮ, ರಾಣಿ, ರಾಜ, ಎಕ್ಕ): 4
- ಸ್ಟ್ರೇಟ್ ಫ್ಲಶ್ (ಒಂದೇ ಜಾತಿಯ ಇತರ ಸಾಲು ಎಲೆಗಳು): 36
- ಫೋರ್ ಆಫ್ ಎ ಕೈಂಡ್ (ಒಂದೇ ಸಂಖ್ಯೆಯ ನಾಲ್ಕು): 624
- ಫುಲ್ ಹೌಸ್ (ಮೂರು ಒಂದು ಬಗೆ, ಎರಡು ಇನ್ನೊಂದು ಬಗೆ): 3,744
- ಫ್ಲಶ್ (ಐದೂ ಒಂದೇ ಜಾತಿ): 5,108
- ಸ್ಟ್ರೇಟ್ (ಐದು ಸಾಲು ಎಲೆ, ಜಾತಿ ಬೇರೆ ಬೇರೆ): 10,200
- ತ್ರೀ ಆಫ್ ಎ ಕೈಂಡ್: 54,912
- ಎರಡು ಜೋಡಿ: 1,23,552
- ಒಂದು ಜೋಡಿ: 10,98,240
- ಏನೂ ಇಲ್ಲ, ದೊಡ್ಡ ಎಲೆಯೇ ಗತಿ: 13,02,540

ಕೊನೆಯ ಸಾಲನ್ನು ಗಮನಿಸಿ. ಅರ್ಧಕ್ಕಿಂತ ತುಸು ಹೆಚ್ಚು ಸಲ ಕೈಗೆ ಬರುವುದು ಏನೂ ಅಲ್ಲದ ಎಲೆಗಳು. ಸಿನಿಮಾದಲ್ಲಿ ನಾಯಕ ಪ್ರತಿ ಸಲವೂ ರಾಯಲ್ ಫ್ಲಶ್ ತೆಗೆಯುತ್ತಾನೆ. ಲೆಕ್ಕದಲ್ಲಿ ಅದು 6,49,740 ಸಲಕ್ಕೆ ಒಂದು.

ಮೂರು ಎಲೆಗೊಂದು ಲೆಕ್ಕ, ಐದು ಎಲೆಗೊಂದು ಲೆಕ್ಕ

ಈಗ ಜಗಳಕ್ಕೆ ಬರೋಣ. ತೀನ್ ಪತ್ತಿಯಲ್ಲಿ ಮೂರೇ ಎಲೆ, ಸಾಧ್ಯವಿರುವ ಕೈಗಳು 22,100. ಒಂದೇ ಜಾತಿಯ ಮೂರು ಎಲೆಗಳ ಕೈ 1,144 ಇವೆ. ಸಾಲಾಗಿ ಬರುವ ಮೂರು ಎಲೆಗಳ ಕೈ 768 ಮಾತ್ರ. ಎರಡೂ ಆಗಿರುವ 48 ಕೈಗಳನ್ನು, ಅಂದರೆ ಪ್ಯೂರ್ ಸೀಕ್ವೆನ್ಸ್‌ಗಳನ್ನು, ಬೇರೆ ತೆಗೆದರೆ ಉಳಿಯುವುದು ಕಲರ್ 1,096, ಸೀಕ್ವೆನ್ಸ್ 720. ಸೀಕ್ವೆನ್ಸ್ ಅಪರೂಪ, ಹಾಗಾಗಿ ಅದೇ ದೊಡ್ಡದು.

ಎಲೆಗಳ ಸಂಖ್ಯೆ ಏರಿದಂತೆ ಏನಾಗುತ್ತದೆ? ಪ್ಯೂರ್ ಸೀಕ್ವೆನ್ಸ್‌ಗಳನ್ನೂ ಸೇರಿಸಿಕೊಂಡು ಎಣಿಸೋಣ.

- 3 ಎಲೆ: ಕಲರ್ 1,144, ಸಾಲು 768
- 4 ಎಲೆ: ಕಲರ್ 2,860, ಸಾಲು 2,816
- 5 ಎಲೆ: ಕಲರ್ 5,148, ಸಾಲು 10,240

ನಾಲ್ಕು ಎಲೆಯಲ್ಲಿ ಎರಡೂ ಬಹುತೇಕ ಸರಿಸಮ. ಐದಕ್ಕೆ ಬರುವಾಗ ತಕ್ಕಡಿ ಪೂರ್ತಿ ತಿರುಗಿಬಿಡುತ್ತದೆ.

ಕಾರಣ ಹೀಗಿದೆ. ಒಂದು ಜಾತಿಯಲ್ಲಿ ಇರುವುದೇ 13 ಎಲೆ. ಮೊದಲ ಎಲೆ ಆಟೀನು ಬಂದರೆ, ಎರಡನೆಯದೂ ಆಟೀನು ಆಗಲು ಉಳಿದ 51ರಲ್ಲಿ 12 ಎಲೆ, ಮೂರನೆಯದಕ್ಕೆ 50ರಲ್ಲಿ 11, ನಾಲ್ಕನೆಯದಕ್ಕೆ 49ರಲ್ಲಿ 10. ಪ್ರತಿ ಹೆಜ್ಜೆಯಲ್ಲೂ ದಾರಿ ಕಿರಿದಾಗುತ್ತದೆ. ಸಾಲಿನ ಕಥೆ ಬೇರೆ. ಸಾಲು ಉದ್ದವಾದಂತೆ ಅದು ಶುರುವಾಗಬಹುದಾದ ಜಾಗಗಳು 12ರಿಂದ 11ಕ್ಕೆ, 11ರಿಂದ 10ಕ್ಕೆ ಇಳಿಯುತ್ತವೆ, ಅಷ್ಟೆ. ಆದರೆ ಸೇರುವ ಪ್ರತಿ ಎಲೆಗೂ ನಾಲ್ಕು ಜಾತಿಯ ಆಯ್ಕೆ ಇರುವುದರಿಂದ ಲೆಕ್ಕ ಪ್ರತಿ ಸಲ ನಾಲ್ಕರಿಂದ ಗುಣಿಸುತ್ತಾ ಹೋಗುತ್ತದೆ. ಹಾಗಾಗಿ ಐದು ಎಲೆಯ ಆಟದಲ್ಲಿ ಸಾಲು ಸುಲಭ, ಒಂದೇ ಜಾತಿ ಕಷ್ಟ. ಎರಡೂ ಆಟದ ನಿಯಮ ಮಾಡಿದವರು ತಮ್ಮ ತಮ್ಮ ಲೆಕ್ಕಕ್ಕೆ ಸರಿಯಾಗಿಯೇ ಇದ್ದಾರೆ.

ಲೆಕ್ಕ ತಪ್ಪುವ ಎರಡು ಜಾಗ

ಹಾಗಾದರೆ ದರ್ಜೆಪಟ್ಟಿ ಪೂರ್ತಿ ಗಣಿತವೇ? ಅಲ್ಲ. ತೀನ್ ಪತ್ತಿಯಲ್ಲಿ ಎಲ್ಲಕ್ಕಿಂತ ದೊಡ್ಡದು ಟ್ರಯಲ್, ಅಂದರೆ ಒಂದೇ ಸಂಖ್ಯೆಯ ಮೂರು ಎಲೆ. ಅಂಥ ಕೈಗಳು 52 ಇವೆ. ಅದರ ಕೆಳಗಿರುವ ಪ್ಯೂರ್ ಸೀಕ್ವೆನ್ಸ್ 48 ಮಾತ್ರ. ಅಪರೂಪವೇ ಅಳತೆಗೋಲಾಗಿದ್ದರೆ ಪ್ಯೂರ್ ಸೀಕ್ವೆನ್ಸ್ ಮೇಲಿರಬೇಕಿತ್ತು. ಮೂರು ಎಕ್ಕ ಕಂಡಾಗ ಆಗುವ ರೋಮಾಂಚನಕ್ಕೆ ಇಲ್ಲಿ ಗಣಿತ ಜಾಗ ಬಿಟ್ಟುಕೊಟ್ಟಿದೆ.

ಎರಡನೆಯ ಜಾಗ ಇಂದಿನ ಜನಪ್ರಿಯ ಪೋಕರ್, ಟೆಕ್ಸಸ್ ಹೋಲ್ಡೆಮ್. ಅದರಲ್ಲಿ ಕೈಯಲ್ಲಿ 2, ಮೇಜಿನ ಮೇಲೆ 5, ಒಟ್ಟು 7 ಎಲೆಗಳಿಂದ ಒಳ್ಳೆಯ ಐದನ್ನು ಆರಿಸಬೇಕು. ಏಳು ಎಲೆಯಲ್ಲಿ ಒಂದು ಜೋಡಿಯಾದರೂ ಆಗದೆ ಇರುವುದೇ ಕಷ್ಟ. ಒಂದು ಜೋಡಿ ಸುಮಾರು ಶೇ 43.8ರಷ್ಟು ಸಲ, ಎರಡು ಜೋಡಿ ಶೇ 23.5ರಷ್ಟು ಸಲ ಬಂದರೆ, ‘ಏನೂ ಇಲ್ಲ’ ಬರುವುದು ಶೇ 17.4ರಷ್ಟು ಸಲ ಮಾತ್ರ. ಅಂದರೆ ಏನೂ ಇಲ್ಲದಿರುವುದು ಜೋಡಿಗಿಂತ ಅಪರೂಪ! ಆದರೂ ಪಟ್ಟಿಯಲ್ಲಿ ಅದು ಕಟ್ಟಕಡೆಗೇ. ಐದು ಎಲೆಯ ಕಾಲದ ಪಟ್ಟಿಯನ್ನೇ ಏಳು ಎಲೆಯ ಆಟವೂ ಉಳಿಸಿಕೊಂಡಿದೆ.

ಇಲ್ಲೇ ಒಂದು ಎಚ್ಚರಿಕೆ ಇದೆ. ‘ನನಗೆ ಜೋಡಿ ಬಂದಿದೆ’ ಎಂದು ಖುಷಿಪಡುವ ಹೊಸ ಆಟಗಾರ, ಎದುರಿನವರಿಗೂ ಅಷ್ಟೇ ಸುಲಭವಾಗಿ ಜೋಡಿ ಬಂದಿರುತ್ತದೆ ಎಂಬುದನ್ನು ಮರೆಯುತ್ತಾನೆ.

ಅಡ್ಡಹೆಸರು ಅಂಟಿಕೊಳ್ಳುವುದು ಹೇಗೆ?

ಎಲೆಗಳಿಗೆ ಹೆಸರಿಡುವ ಚಟ ಹೊಸದಲ್ಲ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 19ನೇ ಶತಮಾನದಲ್ಲಿ ಪ್ರೋತ್ಸಾಹಿಸಿದ ಗಂಜೀಫಾದಲ್ಲಿ ದುಂಡನೆಯ ಎಲೆಗಳ ಮೇಲೆ ದೇವತೆಗಳೇ ಇದ್ದರು. ದಶಾವತಾರ ಗಂಜೀಫಾದಲ್ಲಿ 10 ಅವತಾರಗಳಿಗೆ ತಲಾ 12ರಂತೆ 120 ಎಲೆ. ಇಂಗ್ಲಿಷ್ ಎಲೆಗಳು ಬಂದ ಮೇಲೆ ನಾವು ಜಾಕ್ ಎಂಬುವನನ್ನು ಗುಲಾಮ ಮಾಡಿದೆವು, ಹಾರ್ಟ್ಸ್ ನಮ್ಮ ಬಾಯಲ್ಲಿ ಆಟೀನು ಆಯಿತು.

ಪೋಕರ್ ಆಟಗಾರರು ಕೈಗೇ ಹೆಸರಿಟ್ಟರು. ಎರಡು ಎಕ್ಕ ‘ಪಾಕೆಟ್ ರಾಕೆಟ್ಸ್’, ಎರಡು ರಾಜ ‘ಕೌಬಾಯ್ಸ್’, ಎರಡು ಗುಲಾಮ ‘ಫಿಶ್‌ಹುಕ್ಸ್’, ಯಾಕೆಂದರೆ ಇಂಗ್ಲಿಷಿನ ಜೆ ಅಕ್ಷರ ಗಾಳದಂತಿದೆ. ಎರಡು 8 ‘ಸ್ನೋಮೆನ್’, ಎರಡು 2 ‘ಡಕ್ಸ್’, ಅಂದರೆ ಬಾತುಕೋಳಿಗಳು. ಎಕ್ಕ ಮತ್ತು ರಾಜ ಸೇರಿದರೆ ‘ಬಿಗ್ ಸ್ಲಿಕ್’.

ಎಲ್ಲಕ್ಕಿಂತ ಹೆಸರಾದದ್ದು ‘ಡೆಡ್ ಮ್ಯಾನ್ಸ್ ಹ್ಯಾಂಡ್’, ಅಂದರೆ ಕಪ್ಪು ಎಕ್ಕಗಳ ಜೋಡಿ ಮತ್ತು ಕಪ್ಪು 8ರ ಜೋಡಿ. 1876ರ ಆಗಸ್ಟ್ 2ರಂದು ಅಮೆರಿಕದ ಡೆಡ್‌ವುಡ್ ಊರಿನಲ್ಲಿ ವೈಲ್ಡ್ ಬಿಲ್ ಹಿಕಾಕ್ ಗುಂಡೇಟಿಗೆ ಬಲಿಯಾದಾಗ ಅವನ ಕೈಯಲ್ಲಿದ್ದ ಎಲೆಗಳಿವು ಎಂಬ ಕಥೆ. ಕೊಲೆ ನಿಜ, ಅವನು ಪೋಕರ್ ಆಡುತ್ತಿದ್ದುದೂ ನಿಜ. ಆದರೆ ಈ ಎಲೆಗಳ ವಿವರ ಜನಪ್ರಿಯವಾದದ್ದು ಸುಮಾರು ಅರ್ಧ ಶತಮಾನದ ನಂತರ, 1926ರಲ್ಲಿ ಫ್ರಾಂಕ್ ವಿಲ್ಸ್ಟಾಕ್ ಬರೆದ ಜೀವನಚರಿತ್ರೆಯಿಂದ.

ಇನ್ನೊಂದು ಹೆಸರು ಹೆಚ್ಚು ಪಾಠ ಕಲಿಸುತ್ತದೆ. 10 ಮತ್ತು 2 ದುರ್ಬಲ ಜೋಡಣೆ. ಆದರೆ ಡಾಯ್ಲ್ ಬ್ರನ್ಸನ್ 1976 ಮತ್ತು 1977ರಲ್ಲಿ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಕೊನೆಯ ಆಟವನ್ನು ಇದೇ ಎಲೆಗಳಿಂದ ಗೆದ್ದರು. ಅಂದಿನಿಂದ ಆ ಕೈಗೆ ಅವರದೇ ಹೆಸರು. 10-2 ಹಿಡಿದು ಸೋತ ಸಾವಿರಾರು ಜನರ ಹೆಸರು ಯಾವ ಕೈಗೂ ಇಲ್ಲ. ಸುಲಭವಾಗಿ ನೆನಪಿಗೆ ಬರುವುದನ್ನು ನಾವು ಹೆಚ್ಚು ಸಲ ಆಗುವಂಥದ್ದು ಎಂದು ಭಾವಿಸುತ್ತೇವೆ. ಮನೋವಿಜ್ಞಾನಿಗಳಾದ ಆಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ 1973ರಲ್ಲಿ ವಿವರಿಸಿದ ಮನಸ್ಸಿನ ಅಡ್ಡದಾರಿ ಇದು. ಅಡ್ಡಹೆಸರು ಆ ದಾರಿಗೆ ಹಾಕಿದ ಬೋರ್ಡು.

‘ರಾಕೆಟ್’ ಬಂದರೂ ಸೋಲು ಯಾಕೆ?

ಎರಡು ಎಕ್ಕ ಕೈಗೆ ಬರುವುದು ಸರಾಸರಿ 221 ಆಟಕ್ಕೆ ಒಮ್ಮೆ. ಎದುರಿಗೆ ಒಬ್ಬರೇ ಇದ್ದು, ಅವರ ಎಲೆ ಯಾವುದೋ ಆಗಿದ್ದರೆ, ಗೆಲ್ಲುವ ಸಾಧ್ಯತೆ ಸುಮಾರು ಶೇ 85. ಮೇಜಿನ ಸುತ್ತ ಎಂಟು ಜನ ಕೊನೆಯವರೆಗೂ ಉಳಿದರೆ ಅದು ಸುಮಾರು ಶೇ 35ಕ್ಕೆ ಇಳಿಯುತ್ತದೆ. ಎಂಟರಲ್ಲಿ ಯಾರೊಬ್ಬರಿಗಾದರೂ ಒಳ್ಳೆಯ ಕೈ ಕೂಡಿಬರುತ್ತದೆ.

‘ಇಷ್ಟು ಹೊತ್ತು ಕೆಟ್ಟ ಎಲೆ ಬಂದಿದೆ, ಇನ್ನು ಒಳ್ಳೆಯದು ಬರಲೇಬೇಕು’ ಎಂಬುದು ಇನ್ನೊಂದು ಮಿಥ್ಯೆ. ಕಟ್ಟು ಕಲೆಸಿದ ಮೇಲೆ ಎಲೆಗಳಿಗೆ ಹಳೆಯ ನೆನಪಿಲ್ಲ. 221 ಆಟ ಆಡಿದರೂ ಒಮ್ಮೆಯೂ ಎರಡು ಎಕ್ಕ ಬಾರದೆ ಇರುವ ಸಾಧ್ಯತೆ ಸುಮಾರು ಶೇ 37. ಕಳೆದುಕೊಂಡದ್ದನ್ನು ವಾಪಸ್ ಪಡೆಯಲು ಪಣ ಏರಿಸುತ್ತಾ ಹೋಗುವವರು ನಂಬುವುದು ಇದೇ ಇಲ್ಲದ ನೆನಪನ್ನು.

‘ಕೌಶಲದ ಆಟ’ ಎಂದರೆ ನೀವು ಗೆಲ್ಲುತ್ತೀರಿ ಎಂದಲ್ಲ

ಪೋಕರ್‌ನಲ್ಲಿ ಕೌಶಲ ಇದೆ, ಸುಳ್ಳಲ್ಲ. ಯಾವಾಗ ಬಿಡಬೇಕು, ಎಷ್ಟು ಕಟ್ಟಬೇಕು ಎಂದು ಬಲ್ಲವರು ಸಾವಿರಾರು ಆಟಗಳಲ್ಲಿ ಬಾರದವರಿಗಿಂತ ಮುಂದಿರುತ್ತಾರೆ. ಆದರೆ ಒಬ್ಬರು ಗೆದ್ದ ಹಣ ಇನ್ನೊಬ್ಬರು ಸೋತದ್ದೇ. ಅದರಲ್ಲೂ ಆಡಿಸುವವರ ಪಾಲು ಮೊದಲೇ ಕಡಿತ.

ಉದಾಹರಣೆಗೆ, ಆರು ಜನ ತಲಾ ₹1,000 ತಂದರೆಂದುಕೊಳ್ಳಿ. ಪ್ರತಿ ಆಟದಲ್ಲಿ ₹500 ಸೇರಿ, ಅದರಲ್ಲಿ ಶೇ 5, ಅಂದರೆ ₹25, ಆಡಿಸುವವರಿಗೆ ಹೋದರೆ, 100 ಆಟಕ್ಕೆ ₹2,500 ಮೇಜಿನಿಂದಲೇ ಮಾಯ. ತಂದ ₹6,000ದಲ್ಲಿ ಉಳಿಯುವುದು ₹3,500. ಆರೂ ಜನ ಸಮಾನ ಬುದ್ಧಿವಂತರಾಗಿದ್ದರೆ ಸರಾಸರಿ ಎಲ್ಲರೂ ಸೋತಂತೆ. ಕೈಯಲ್ಲಿ ಎಲೆ ಹಂಚುವ ಮೇಜಿನಲ್ಲಿ ಗಂಟೆಗೆ ಸುಮಾರು 25-30 ಆಟ ನಡೆದರೆ, ಫೋನಿನಲ್ಲಿ ಅದರ ಎರಡು ಪಟ್ಟು. ಸಂಬಳದ ದಿನದ ರಾತ್ರಿ ಪಾಳಿ ಮುಗಿಸಿ ಕ್ಯಾಬಿನಲ್ಲಿ ಕುಳಿತವರ ಕೈಯಲ್ಲಿ ಈ ಲೆಕ್ಕ ಎಷ್ಟು ಬೇಗ ಓಡುತ್ತದೆ ಎಂದು ಊಹಿಸಿ.

ಈ ‘ಕೌಶಲ’ ಎಂಬ ಪದ ಕಾನೂನಿನಿಂದ ಬಂದದ್ದು. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಬರೀ ಕೌಶಲದ ಆಟಗಳಿಗೆ ವಿನಾಯಿತಿ ಕೊಟ್ಟಿತ್ತು. ಪೋಕರ್ ಅನ್ನು ಕೌಶಲದ ಆಟವಾಗಿ ಆಡಿದರೆ ಪರವಾನಗಿ ಬೇಕಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. 2021ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ನಂತರ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿ, 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಅದು ಪಕ್ಕಕ್ಕಿಟ್ಟು, ಹಣದ ಆನ್‌ಲೈನ್ ಆಟಗಳನ್ನು ಒದಗಿಸುವುದನ್ನೂ ಜಾಹೀರಾತು ಮಾಡುವುದನ್ನೂ ಅಪರಾಧವೆಂದಿತು. ಒದಗಿಸಿದವರಿಗೆ 3 ವರ್ಷದವರೆಗೆ ಜೈಲು, ₹1 ಕೋಟಿವರೆಗೆ ದಂಡ. ಆಡಿದವರಿಗೆ ಅದರಲ್ಲಿ ಶಿಕ್ಷೆ ಇಲ್ಲ. ಬಳಿಕ ದೇಶದ ದೊಡ್ಡ ಆ್ಯಪ್‌ಗಳು ಹಣದ ಆಟ ನಿಲ್ಲಿಸಿದವು. ವಿದೇಶಿ ಆ್ಯಪ್‌ಗಳ ಲಿಂಕು ಕಳಿಸಿ ‘ಇದು ಕೌಶಲದ ಆಟ, ಕಾನೂನುಬದ್ಧ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಲಿ ಸಿಕ್ಕಿಕೊಂಡ ಹಣವನ್ನು ಕೇಳಲು ನಿಮಗೆ ಬಾಗಿಲೇ ಇರುವುದಿಲ್ಲ.

ಯಾವಾಗ ಎಚ್ಚರವಾಗಬೇಕು?

ಜೂಜಿನ ಗೀಳು ಬರೀ ಕೆಟ್ಟ ಅಭ್ಯಾಸವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಅದು ಒಂದು ಕಾಯಿಲೆ. ಈ ಲಕ್ಷಣಗಳನ್ನು ಗಮನಿಸಿ:

- ಕಳೆದುಕೊಂಡದ್ದನ್ನು ಮರಳಿ ಪಡೆಯಲೆಂದೇ ಮತ್ತೆ ಆಡುವುದು
- ಎಷ್ಟು ಹೋಯಿತು ಎಂದು ಮನೆಯವರಿಂದ ಮುಚ್ಚಿಡುವುದು
- ಸಾಲದ ಆ್ಯಪ್‌ನಿಂದ, ಗೆಳೆಯರಿಂದ ಆಟಕ್ಕಾಗಿ ಹಣ ಪಡೆಯುವುದು
- ನಿಲ್ಲಿಸಲು ಹೋದರೆ ಚಡಪಡಿಕೆ, ಸಿಟ್ಟು, ನಿದ್ದೆಗೇಡು

ಇವುಗಳಲ್ಲಿ ಒಂದೆರಡು ಕಂಡರೂ ಮಾತಾಡಲು ತಡ ಮಾಡಬೇಡಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಗೀಳಿಗೆಂದೇ 2014ರಿಂದ ‘ಶಟ್’ ಕ್ಲಿನಿಕ್ ನಡೆಯುತ್ತಿದೆ. 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು. ನಿಮ್ಹಾನ್ಸ್ ಮುನ್ನಡೆಸುವ ಈ ಸೇವೆಯ ತಾಂತ್ರಿಕ ಬೆನ್ನೆಲುಬು ಎಲೆಕ್ಟ್ರಾನಿಕ್ ಸಿಟಿಯ ಐಐಐಟಿ ಬೆಂಗಳೂರು.

ಹಣ ಕಟ್ಟದೆ ಆಡಿದರೆ ಇಸ್ಪೀಟ್ ಕಟ್ಟು ಸಂಭವನೀಯತೆಯ ಒಳ್ಳೆಯ ಮೇಷ್ಟ್ರು. ಮುಂದಿನ ಸಲ ಕಲರ್-ಸೀಕ್ವೆನ್ಸ್ ಜಗಳ ಎದ್ದರೆ, ‘ಎಷ್ಟು ಎಲೆಯ ಆಟ?’ ಎಂದು ಮೊದಲು ಕೇಳಿ. ಮೂರಾದರೆ ಸೀಕ್ವೆನ್ಸ್, ಐದಾದರೆ ಕಲರ್. ನಾಲ್ಕಾದರೆ ಹೆಚ್ಚುಕಡಿಮೆ ಸಮ, ಕಾಫಿ ಕುಡಿದು ರಾಜಿಯಾಗಿ.