ಬೆಟ್ಟಕ್ಕೆ ಹೋಗಬೇಕಿತ್ತೇ, ಬಾಗಿಲು ಹಾಕಬೇಕಿತ್ತೇ?

2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಾಗ ಬೆಂಗಳೂರು, ಮೈಸೂರಿನ ಚಾರಣ ಕೂಟಗಳೂ ಬೆನ್ನಚೀಲ ಮೂಲೆಗಿಟ್ಟವು. ಆಗ ಚರ್ಚೆಗೆ ಎಡೆಯೇ ಇರಲಿಲ್ಲ, ಕಾನೂನೇ ಹಾಗಿತ್ತು. ತಕರಾರು ಹುಟ್ಟಿದ್ದು ಜೂನ್ ತಿಂಗಳಿಂದ ಈಚೆಗೆ, ನಿರ್ಬಂಧಗಳು ಒಂದೊಂದಾಗಿ ಸಡಿಲವಾದಾಗ. ಕೆಲವು ಕೂಟಗಳು ನಡಿಗೆಯ ರೀತಿಯನ್ನೇ ಬದಲಿಸಿಕೊಂಡು ಮತ್ತೆ ಹೊರಟವು: ಸಣ್ಣ ತಂಡ, ಹತ್ತಿರದ ಬೆಟ್ಟ, ಸ್ವಂತ ಗಾಡಿ, ಮನೆಯ ಬುತ್ತಿ, ರಾತ್ರಿ ತಂಗುವ ಹಾಗಿಲ್ಲ. ಇನ್ನು ಕೆಲವು ಲಸಿಕೆ ಬರುವ ತನಕ ಕದ ತೆರೆಯುವುದಿಲ್ಲ ಎಂದು ಕೂತವು. ಯಾರದ್ದು ಸರಿ? ಒಂದೇ ಕೂಟದಲ್ಲಿ ವರ್ಷಗಟ್ಟಲೆ ಜೊತೆಗೆ ನಡೆದ ಇಬ್ಬರು ಇಲ್ಲಿ ವಾದಕ್ಕೆ ನಿಂತಿದ್ದಾರೆ. ಒಬ್ಬರು ತಂಡ ಮುನ್ನಡೆಸುವವರು, ಇನ್ನೊಬ್ಬರು ವೃತ್ತಿಯಿಂದ ವೈದ್ಯೆ.

ಪರ: ಅಪಾಯ ಇದ್ದದ್ದು ಟಿಟಿಯಲ್ಲಿ, ಬೆಟ್ಟದಲ್ಲಲ್ಲ

ಚಾರಣ ಎಂದರೆ ಬೆಟ್ಟ ಹತ್ತುವುದು ಅಂತ ಹೊರಗಿನವರು ತಿಳಿದಿರುತ್ತಾರೆ. ಒಳಗಿದ್ದವರನ್ನು ಕೇಳಿ. ಶುಕ್ರವಾರ ರಾತ್ರಿ ಊಟ ಮುಗಿಸಿ ಮೆಜೆಸ್ಟಿಕ್‌ನಲ್ಲೋ ಯಶವಂತಪುರದಲ್ಲೋ ಟಿಟಿ (ಟೆಂಪೊ ಟ್ರಾವೆಲರ್) ಹತ್ತಬೇಕು. ಚಳಿಯೆಂದು ಕಿಟಕಿ ಮುಚ್ಚಿ, ಹಾಸನ ದಾಟುವ ತನಕ ಅಂತ್ಯಾಕ್ಷರಿ. ಬೆಳಗಿನ ಜಾವ ಹೋಮ್‌ಸ್ಟೇ ಹಜಾರದಲ್ಲಿ ಮೈಗೆ ಮೈ ತಾಗಿಸಿ ಒಂದು ಗಂಟೆ ನಿದ್ದೆ. ಬೆಟ್ಟದ ನೆತ್ತಿಯಲ್ಲಿ ಒಂದೇ ಡಬ್ಬಿಯ ಚಿತ್ರಾನ್ನಕ್ಕೆ ಹತ್ತು ಕೈ. ಇವುಗಳ ನಡುವೆ ಆರೇಳು ಗಂಟೆ ಬಯಲ ಗಾಳಿಯಲ್ಲಿ ಒಬ್ಬರ ಹಿಂದೊಬ್ಬರು ನಡೆಯುವುದು. ಸೋಂಕಿಗೆ ಇದರಲ್ಲಿ ಯಾವುದು ಹೇಳಿ ಮಾಡಿಸಿದ ಜಾಗ ಎಂದು ಹೇಳಲು ವೈದ್ಯಕೀಯ ಓದಬೇಕಿಲ್ಲ.

ಪುರಾವೆಯೂ ಬೇಗನೆ ಬಂತು. 2020ರ ಜನವರಿಯಲ್ಲಿ ಚೀನಾದ ಝೆಜಿಯಾಂಗ್ ಪ್ರಾಂತ್ಯದಲ್ಲಿ ಬೌದ್ಧ ಭಕ್ತರು ಎರಡು ಬಸ್ಸುಗಳಲ್ಲಿ ಒಂದು ಪೂಜೆಗೆ ಹೋಗಿದ್ದರು. ಪೂಜೆ ನಡೆದದ್ದು ಬಯಲಲ್ಲಿ. ಎರಡನೆಯ ಬಸ್ಸಿನಲ್ಲಿ ಸೋಂಕಿತರೊಬ್ಬರಿದ್ದರು. ಎಸಿ ಅದೇ ಗಾಳಿಯನ್ನೇ ತಿರುಗಿಸುತ್ತಿದ್ದ ಆ ಬಸ್ಸಿನ 68 ಜನರಲ್ಲಿ 24 ಮಂದಿಗೆ ಕೋವಿಡ್ ಎಂದು ಗೊತ್ತಾಯಿತು. ಮೊದಲ ಬಸ್ಸಿನ 60 ಜನರಲ್ಲಿ ಒಬ್ಬರಿಗೂ ಇಲ್ಲ. ಅದೇ ಪೂಜೆ, ಅದೇ ಬಯಲು, ಬೇರೆ ಬಸ್ಸು. ಚೀನಾದ್ದೇ ಇನ್ನೊಂದು ಅಧ್ಯಯನ ಆರಂಭದ ದಿನಗಳ 318 ಸೋಂಕು ಗುಚ್ಛಗಳನ್ನು ಜಾಲಾಡಿತು. ಬಯಲಲ್ಲಿ ಹರಡಿದ್ದು ಒಂದೇ ಒಂದು, ಅದೂ ಇಬ್ಬರಿಗೆ.

ನಮ್ಮ ಕೂಟ ಮಾಡಿದ್ದು ಇಷ್ಟೆ: ಚಾರಣದಿಂದ ಟಿಟಿ, ಹಜಾರ, ಹಂಚಿ ತಿನ್ನುವ ಡಬ್ಬಿ, ಈ ಮೂರನ್ನು ಕಿತ್ತು ಹಾಕಿತು. ಉಳಿದದ್ದು ನಡಿಗೆ. ಕುಮಾರ ಪರ್ವತ, ಕುದುರೆಮುಖ, ತಡಿಯಂಡಮೋಳ್ ಪಟ್ಟಿಯಿಂದ ಹೋದವು. ಸಾವನದುರ್ಗ, ಮಾಕಳಿದುರ್ಗದಂಥ ಬೆಳಗ್ಗೆ ಹೋಗಿ ಮಧ್ಯಾಹ್ನಕ್ಕೆ ಮನೆ ಸೇರುವ ಬೆಟ್ಟಗಳು ಬಂದವು. ತಂಡದ ಗಾತ್ರ ಇಳಿಯಿತು. ಎಲ್ಲರಿಗಿಂತ ಹಿಂದೆ ಬರುವ ಸ್ವೀಪ್‌ಗೆ ಹೊಸ ಕೆಲಸ ಬಿತ್ತು. ಮೊದಲೆಲ್ಲ ಹಿಂದುಳಿದವರನ್ನು ಮುಂದೆ ಸೇರಿಸುವುದು ಅವರ ಪಾಡಾಗಿತ್ತು, ಈಗ ಹತ್ತಿರ ಬಂದವರನ್ನು ಬಿಡಿಸುವುದು! ಬಂಡೆ ಹತ್ತುವ ಗೆಳೆಯರ ಗೋಳು ಇನ್ನೂ ಸೂಕ್ಷ್ಮ. ಒಬ್ಬರು ಹಿಡಿದ ಹಗ್ಗವನ್ನೇ ಇನ್ನೊಬ್ಬರು ಹಿಡಿಯಬೇಕು. ತೊಳೆಯೋಣ ಎಂದು ಬ್ಲೀಚ್ ಮುಟ್ಟಿಸಿದರೆ ನೈಲಾನಿನ ಬಲವೇ ಕುಂದುತ್ತದೆ, ಬಿಸಿಲಿಗೆ ಹರವಿದರೂ ಕೇಡೇ. ಕೊನೆಗೆ ಒಮ್ಮೆ ಬಳಸಿದ ಹಗ್ಗ, ಹಾರ್ನೆಸ್‌ಗಳನ್ನು ಮೂರು ದಿನ ನೆರಳಲ್ಲಿ ಎತ್ತಿಟ್ಟು ಮತ್ತೆ ತೆಗೆಯುವ ಪದ್ಧತಿ ಬಂತು. ಹಗ್ಗಕ್ಕೂ ಕ್ವಾರಂಟೈನ್ ಎಂದು ನಕ್ಕೆವು. ಆದರೆ ಪಾಲಿಸಿದೆವು.

ಮನೆಯೊಳಗಿದ್ದ ತಿಂಗಳುಗಳೂ ಪೂರ್ತಿ ಪೋಲಾಗಲಿಲ್ಲ. ಟಿಟಿಯಲ್ಲಿ ಯಾರೂ ಕಿವಿಗೊಡದ ಪಾಠಗಳನ್ನು ಝೂಮ್‌ನಲ್ಲಿ ಕೂತು ಕೇಳಿದರು: ಸರ್ವೇ ಆಫ್ ಇಂಡಿಯಾ ನಕ್ಷೆಯ ಸಮೋನ್ನತಿ ರೇಖೆ ಓದುವುದು, ಎಂಟರ ಗಂಟು ಹಾಕುವುದು, ಹಾವು ಕಚ್ಚಿದರೆ ಏನು ಮಾಡಬಾರದು ಎಂಬುದು. ತಾರಸಿ ಮೇಲೆ ನಿಂತು ಹಕ್ಕಿ ಎಣಿಸುವ ಚಟ ಹಲವರಿಗೆ ಹತ್ತಿದ್ದೂ ಆಗಲೇ. ಕುಟ್ರುಹಕ್ಕಿ ಕೂಗುವುದು ಪಶ್ಚಿಮ ಘಟ್ಟದಲ್ಲಿ ಮಾತ್ರವಲ್ಲ, ರಾಜಾಜಿನಗರದ ಅತ್ತಿಮರದಲ್ಲೂ ಎಂದು ಕಂಡುಕೊಂಡವರಿದ್ದಾರೆ.

ಇನ್ನೊಂದು ಮಾತು, ನನ್ನ ವಾದದ ಗಟ್ಟಿ ಭಾಗ ಇದೇ. ಕೂಟಗಳು ಬಾಗಿಲು ಹಾಕಿದರೆ ಬೆಟ್ಟಗಳೇನೂ ಖಾಲಿಯಾಗುವುದಿಲ್ಲ. 2021ರ ಜುಲೈನಲ್ಲಿ ಲಾಕ್‌ಡೌನ್ ಸಡಿಲವಾದದ್ದೇ ತಡ, ನಂದಿಬೆಟ್ಟದ ದಾರಿಯಲ್ಲಿ ಗಾಡಿಗಳು ಕಿಲೋಮೀಟರುಗಟ್ಟಲೆ ನಿಂತವು. ವಾರಾಂತ್ಯದ ಪ್ರವೇಶವನ್ನೇ ಜಿಲ್ಲಾಡಳಿತ ನಿಲ್ಲಿಸಬೇಕಾಯಿತು. ಅಲ್ಲಿದ್ದವರನ್ನು ಯಾವ ಕೂಟವೂ ಕರೆದೊಯ್ದಿರಲಿಲ್ಲ. ಹೆಸರು ಬರೆದುಕೊಂಡವರಿಲ್ಲ, ತಲೆ ಎಣಿಸಿದವರಿಲ್ಲ, ಕಸ ವಾಪಸು ತರಬೇಕೆಂದು ಹೇಳಿದವರೂ ಇಲ್ಲ. ಚಾರಣ ಕೂಟ ಕೊಡುವುದು ಬೆಟ್ಟವನ್ನಲ್ಲ, ಬೆಟ್ಟದಲ್ಲಿ ನಡೆದುಕೊಳ್ಳುವ ರೀತಿಯನ್ನು. ಅದು ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದ ವರ್ಷವೇ ಕೂಟ ನಾಪತ್ತೆಯಾಗಬೇಕಿತ್ತೇ?

ವಿರೋಧ: ಬೆಟ್ಟದ ಬುಡದಲ್ಲೂ ಜನರಿದ್ದಾರೆ

ನಮ್ಮ ಲೀಡರ್ ಸಾಹೇಬರು ಬಸ್ಸಿನ ಲೆಕ್ಕ ಸರಿಯಾಗಿಯೇ ಒಪ್ಪಿಸಿದ್ದಾರೆ. ಬಯಲಿನಲ್ಲಿ ಅಪಾಯ ಕಡಿಮೆ ಎಂಬುದರಲ್ಲಿ ನನಗೂ ಅನುಮಾನವಿಲ್ಲ. ಆದರೆ ಅವರ ಇಡೀ ವಾದ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತದೆ: ಚಾರಣಿಗರಿಗೆ ಸೋಂಕು ತಗಲುತ್ತದೆಯೇ? ಅದು ಪ್ರಶ್ನೆಯ ಅರ್ಧ, ಅದೂ ಸಣ್ಣ ಅರ್ಧ.

2020ರ ಮಾರ್ಚ್ ಕೊನೆಯಲ್ಲಿ ರಾಜ್ಯದ ಎಷ್ಟೋ ಹಳ್ಳಿಗಳು ಊರ ಬಾಯಿಗೆ ಮುಳ್ಳು ಹಚ್ಚಿದವು, ಮರ ಕಡಿದು ಅಡ್ಡ ಹಾಕಿದವು, ಕೆಲವೆಡೆ ರಸ್ತೆಯನ್ನೇ ಅಗೆದರು. ಪಟ್ಟಣದಲ್ಲಿ ಕೂತು ಅದನ್ನು ಅಜ್ಞಾನ ಎಂದು ನಕ್ಕವರಿದ್ದರು. ನನಗೆ ಹಾಗೆ ಕಾಣಲಿಲ್ಲ. ಆಸ್ಪತ್ರೆ ದೂರವಿರುವ ಜನ ತಮಗೆ ಗೊತ್ತಿದ್ದ ಏಕೈಕ ಮದ್ದನ್ನು ತಾವೇ ಮಾಡಿಕೊಂಡಿದ್ದರು. ಆ ಮುಳ್ಳು ತೆಗೆದ ಕೆಲವೇ ತಿಂಗಳಿಗೆ ಬೆಂಗಳೂರಿನ ನೋಂದಣಿ ಫಲಕದ ಕಾರುಗಳು ಸಾಲಾಗಿ ಹೋಗಿ ಅದೇ ಅರಳಿಕಟ್ಟೆಯ ಪಕ್ಕ ನಿಂತವು. ಒಳಗಿದ್ದವರು ಮಾಸ್ಕ್ ಹಾಕಿದ್ದರು, ನಿಜ. ಕಾಲಿಡುವ ಮುಂಚೆ ಊರನ್ನು ಕೇಳಿದ್ದರೇ? ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕೋವಿಡ್ ಕಾರ್ಯಪಡೆ ಇತ್ತು, ಮನೆಮನೆ ತಿರುಗುವ ಆಶಾ ಕಾರ್ಯಕರ್ತೆ ಇದ್ದರು. ಒಂದು ಫೋನು ಸಾಕಿತ್ತು. ಅರಣ್ಯ ಇಲಾಖೆಯ ಪರ್ಮಿಟ್ ಸಿಕ್ಕಿತೆಂದರೆ ಬೆಟ್ಟ ನಮ್ಮದಾಯಿತು ಎಂಬ ಹಳೆಯ ಚಾಳಿ ನಮ್ಮ ಕೂಟಗಳಿಗೆ ಮಹಾಮಾರಿಗಿಂತ ಮೊದಲೇ ಇತ್ತು. ರೂಪ ಬದಲಿಸಿಕೊಂಡೆವು ಎನ್ನುವವರು ಬದಲಿಸದೆ ಬಿಟ್ಟದ್ದು ಅದನ್ನೇ.

ಇದು ನಮ್ಮೊಬ್ಬರ ರೋಗವೂ ಅಲ್ಲ. 2020ರ ಮಾರ್ಚ್ 21ರ ಶನಿವಾರ ವೇಲ್ಸ್‌ನ ಸ್ನೋಡೋನಿಯಾ ಬೆಟ್ಟಗಳಿಗೆ ಎಂಥ ಜನ ನುಗ್ಗಿತೆಂದರೆ, ಇಂಥ ದಟ್ಟಣೆ ಈಚಿನ ನೆನಪಿನಲ್ಲೇ ಇಲ್ಲ ಎಂದು ಅಲ್ಲಿನ ರಾಷ್ಟ್ರೀಯ ಉದ್ಯಾನದವರೇ ಹೇಳಿದರು. ಪರ್ವತಾರೋಹಿಗಳ ಸಂಘವೇ ಬೆಟ್ಟದ ಕಡೆ ಬರಬೇಡಿ ಎಂದು ಕೇಳಿಕೊಂಡಿತು. ನೇಪಾಳ 2021ರಲ್ಲಿ ಎವರೆಸ್ಟಿಗೆ ಮತ್ತೆ ದಾರಿ ಬಿಟ್ಟಿತು. ಐದು ಸಾವಿರ ಮೀಟರಿಗೂ ಮೇಲಿನ ಬೇಸ್ ಕ್ಯಾಂಪಿಗೂ ಕೋವಿಡ್ ಬಂತು. ಶುದ್ಧ ಗಾಳಿಗೇನು ಕೊರತೆಯಿತ್ತು ಅಲ್ಲಿ?

ಆಸ್ಪತ್ರೆಯ ಮಾತಿಗೆ ಬರುತ್ತೇನೆ. ಕಾಡಿನಲ್ಲಿ ಕಾಲು ಮುರಿಯುವುದು ಅಪರೂಪವೇನಲ್ಲ. ಮುರಿದಾಗ ಹೊತ್ತು ತರುವವರು ಅರಣ್ಯ ವಾಚರ್‌ಗಳು ಮತ್ತು ಊರಿನ ಹುಡುಗರು. ಒಬ್ಬ ಗಾಯಾಳುವಿಗೆ ಸರದಿಯ ಮೇಲೆ ಹೆಗಲು ಕೊಡಲು ಎಂಟು ಹತ್ತು ಜನ ಬೇಕು. ಅಂತರ ಕಾಯ್ದುಕೊಂಡು ಡೋಲಿ ಹೊರುವ ವಿದ್ಯೆ ಯಾರಿಗೂ ಗೊತ್ತಿಲ್ಲ. ಹಾಗೆ ಹೊತ್ತು ತಂದದ್ದು ಎಲ್ಲಿಗೆ? 2021ರ ಮೇ ಮೊದಲ ವಾರ ನೆನಪಿಸಿಕೊಳ್ಳಿ. ರಾಜ್ಯದಲ್ಲಿ ದಿನವೊಂದರ ಹೊಸ ಪ್ರಕರಣಗಳು 50 ಸಾವಿರ ದಾಟಿದ್ದವು. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನದ ಅವಧಿಯಲ್ಲಿ 24 ರೋಗಿಗಳು ತೀರಿಕೊಂಡರು. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ ಎಂದು ನಾವು ಬಾಯಿ ಚಪ್ಪರಿಸುವ ಕಾಡುಗಳು ಇರುವುದು ಅದೇ ಜಿಲ್ಲೆಯಲ್ಲಿ. ಅಲ್ಲಿನ ಪೋಡುಗಳ ಸೋಲಿಗರಿಗೂ ಅದೇ ಆಸ್ಪತ್ರೆ. ಆಗ ಯಾರೂ ಚಾರಣಕ್ಕೆ ಹೋಗಿರಲಿಲ್ಲ ಎನ್ನುತ್ತೀರಿ. ಒಪ್ಪಿದೆ. ಆದರೆ ಅಲೆ ಏಳುವುದು ಸುದ್ದಿ ಬರುವ ಮುಂಚೆ. ಆ ವರ್ಷದ ಫೆಬ್ರವರಿ ಮಾರ್ಚ್‌ನಲ್ಲಿ ಎಲ್ಲವೂ ಮುಗಿಯಿತೆಂದು ಎಲ್ಲರೂ ಬೆಟ್ಟದ ಮೇಲಿದ್ದರು.

ಥರ್ಮಲ್ ಸ್ಕ್ಯಾನರ್ ಹಣೆಗೆ ಹಿಡಿದು ಸಮಾಧಾನಪಟ್ಟುಕೊಂಡದ್ದು ಇನ್ನೊಂದು ಕಥೆ. ಲಕ್ಷಣ ಕಾಣಿಸುವ ಎರಡು ದಿನ ಮೊದಲೇ ಸೋಂಕು ಹರಡಬಲ್ಲದು. ಜ್ವರವೇ ಬಾರದವರನ್ನು ಆ ಯಂತ್ರ ಹಿಡಿಯುವುದಾದರೂ ಹೇಗೆ? ಅದು ಮಂತ್ರಿಸಿದ ನಿಂಬೆಹಣ್ಣಿನ ಹಾಗೆ, ಕೈಯಲ್ಲಿದ್ದರೆ ಧೈರ್ಯ.

ಇನ್ನು ಯಾರೂ ಎತ್ತದ ಸಂಗತಿ. ಸ್ವಂತ ಗಾಡಿಯಲ್ಲೇ ಬನ್ನಿ ಎಂಬ ನಿಯಮ ಆರೋಗ್ಯದ ದೃಷ್ಟಿಯಿಂದ ಸರಿಯೇ. ಕೂಟಕ್ಕೆ ಅದು ಏನು ಮಾಡಿತು? ಮಾಕಳಿದುರ್ಗಕ್ಕೆ ನಾವು ಹೋಗುತ್ತಿದ್ದದ್ದು ಪ್ಯಾಸೆಂಜರ್ ರೈಲಿನಲ್ಲಿ. ಬೆಟ್ಟದ ಬುಡದಲ್ಲೇ ನಿಲ್ದಾಣ, ಟಿಕೆಟ್ಟಿಗೆ ಚಿಲ್ಲರೆ ಕಾಸು. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಹುಡುಗಿ, ಪಿಜಿಯಲ್ಲಿರುವ ಡಿಪ್ಲೊಮಾ ಹುಡುಗ, ಪಿಂಚಣಿಯ ಮೇಷ್ಟ್ರು ಎಲ್ಲ ಬರುತ್ತಿದ್ದದ್ದು ಹಾಗೆ. ರೈಲು ನಿಂತಿತು. ಕಾರು ಬೈಕು ಇದ್ದವರು ಉಳಿದರು. ವಯಸ್ಸಾದವರಿಗೆ ಅಪಾಯ ಹೆಚ್ಚೆಂದು ಮೇಷ್ಟ್ರನ್ನು ನಾವೇ ಬರಬೇಡಿ ಎಂದೆವು. ಝೂಮ್ ಪಾಠಕ್ಕೆ ಡೇಟಾ ಇದ್ದವರು ಬಂದರು. ಹೀಗೆ ಸೋಸಿ ಸೋಸಿ ಉಳಿದ ತಂಡವನ್ನು ಕೂಟ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಗಾಡಿ ಇದ್ದ ಗೆಳೆಯರು ತಮ್ಮ ಪಾಡಿಗೆ ಬೆಟ್ಟಕ್ಕೆ ಹೋಗಿಬರಲಿ, ಬೇಡ ಎನ್ನಲು ನಾನ್ಯಾರು? ಕೂಟದ ಬ್ಯಾನರಿನಡಿ ಹೋಗುವುದಾದರೆ ಎಲ್ಲರೂ ಹೋಗುವಂತಿರಬೇಕು, ಇಲ್ಲವೇ ಎಲ್ಲರೂ ಕಾಯಬೇಕು.

ಪರದವರ ಮರುಮಾತು

ಡಾಕ್ಟರ್ ಮೇಡಂ ಎರಡನೆಯ ಅಲೆಯನ್ನು ಮುಂದಿಟ್ಟು ಮೊದಲ ವರ್ಷವನ್ನು ಅಳೆಯುತ್ತಿದ್ದಾರೆ. 2021ರ ಏಪ್ರಿಲ್ ಮೇನಲ್ಲಿ ಬೆಟ್ಟಕ್ಕೆ ಹೋಗಬೇಕಿತ್ತೆಂದು ನಾನು ಎಲ್ಲೂ ಹೇಳಿಲ್ಲ. ಹೊತ್ತು ನೋಡಿ ನಿಲ್ಲುವುದು, ಹೊತ್ತು ನೋಡಿ ನಡೆಯುವುದು, ನಾನು ಹೇಳುವ ಹೊಂದಾಣಿಕೆ ಅಷ್ಟೆ. ಹೊಳೆ ತುಂಬಿದಾಗ ಈ ದಡದಲ್ಲಿ ಕೂರುವ ನಾವು ಇಳಿದ ಮೇಲೂ ಕೂತೇ ಇರುತ್ತೇವೆಯೇ?

ಊರಿನವರ ಹೆಸರಿನಲ್ಲಿ ಮಾತಾಡುವಾಗ ಊರಿನವರ ಇನ್ನೊಂದು ಮುಖವನ್ನೂ ನೋಡಬೇಕು. ದಾರಿ ತೋರುವ ಹುಡುಗನಿಗೆ, ಜೀಪಿನವನಿಗೆ, ಹೋಮ್‌ಸ್ಟೇಯಲ್ಲಿ ಅಡುಗೆ ಮಾಡುವ ಅಕ್ಕನಿಗೆ ವಾರಾಂತ್ಯವೇ ಸಂಬಳ. ಯಾವಾಗ ಬರ್ತೀರಾ ಸಾರ್ ಎಂದು ಮೊದಲು ಫೋನ್ ಮಾಡಿದ್ದು ಅವರು, ನಾವಲ್ಲ. ಮುಳ್ಳು ಹಚ್ಚಿದ್ದೂ ಊರೇ, ಫೋನ್ ಮಾಡಿದ್ದೂ ಊರೇ. ಗಾಡಿ ಇಲ್ಲದವರು ಹೊರಗುಳಿದರೆಂಬ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಬೈಕಿನ ಹಿಂದಿನ ಸೀಟು ಖಾಲಿಯಿದ್ದವರು ಒಬ್ಬೊಬ್ಬರನ್ನು ಕರೆತಂದರು. ಅದು ಸಾಲಲಿಲ್ಲ. ಆದರೆ ಎಲ್ಲರಿಗೂ ಆಗದ್ದು ಯಾರಿಗೂ ಬೇಡ ಎಂದರೆ, ಕೋವಿಡ್ ಇಲ್ಲದ ಕಾಲದಲ್ಲೂ ನಾವು ಹಿಮಾಲಯಕ್ಕೆ ಹೋಗುವ ಹಾಗಿರಲಿಲ್ಲ.

ವಿರೋಧದವರ ಮರುಮಾತು

ಗೈಡ್ ಹುಡುಗನ ಫೋನಿನ ವಿಷಯ ಎತ್ತಿದ್ದು ಒಳ್ಳೆಯದಾಯಿತು. ಅವನಿಗೆ ಬೇಕಿದ್ದದ್ದು ಸಂಪಾದನೆ. ನಮ್ಮ ಆಗಿನ ಹೊಸ ಚಾರಣದಲ್ಲಿ ರಾತ್ರಿ ತಂಗುವ ಹಾಗಿರಲಿಲ್ಲ, ಹೊರಗೆ ಉಣ್ಣುವ ಹಾಗಿರಲಿಲ್ಲ, ಜೀಪು ಹತ್ತುವ ಹಾಗಿರಲಿಲ್ಲ. ದೂರದ ಬೆಟ್ಟವಂತೂ ಪಟ್ಟಿಯಲ್ಲೇ ಇರಲಿಲ್ಲ. ಹಾಗಿದ್ದರೆ ಕುಮಾರ ಪರ್ವತದ ದಾರಿಯ ಆ ಹುಡುಗನಿಗೆ ಅದರಿಂದ ದಕ್ಕಿದ್ದೇನು? ಸೋಂಕಿನಿಂದ ನಮ್ಮನ್ನು ಕಾಪಾಡಿದ ಒಂದೊಂದು ನಿಯಮವೂ ಅವನ ಗಳಿಕೆಯನ್ನು ಕತ್ತರಿಸಿದ ನಿಯಮವೇ. ಅವನ ಹೊಟ್ಟೆಪಾಡನ್ನು ಚಾರಣದ ಸಮರ್ಥನೆಗೆ ಎಳೆದು ತರಬೇಡಿ.

ಟಿಟಿ, ಹೋಮ್‌ಸ್ಟೇ ಮತ್ತೆ ಬಂದಿವೆ, ಡಬ್ಬಿಗೆ ಹತ್ತು ಕೈಯೂ ಬಂದಿದೆ. ಆಗ ಕಲಿತದ್ದರಲ್ಲಿ ಹಗ್ಗದ ಕ್ವಾರಂಟೈನ್ ಹೋಯಿತು, ಹೋಗಲಿ. ಬೆಟ್ಟದ ಬುಡದ ಪಂಚಾಯಿತಿಗೆ ಮುಂಚೆ ತಿಳಿಸುವುದು, ಗೈಡ್‌ಗಳಿಗೆಂದು ಸದಸ್ಯತ್ವ ಶುಲ್ಕದಿಂದ ಒಂದು ಪಾಲು ಎತ್ತಿಡುವುದು, ಹೋಗಬೇಕೋ ನಿಲ್ಲಬೇಕೋ ಎಂಬುದನ್ನು ತಂಡದ ಲೀಡರ್ ಒಬ್ಬರೇ ತೀರ್ಮಾನಿಸಬಾರದೆಂಬ ನಿಯಮ, ಈ ಮೂರನ್ನು ಕೂಟದ ಬೈಲಾಕ್ಕೆ ಸೇರಿಸಿ ಎಂದು ಅರ್ಜಿ ಕೊಟ್ಟಿದ್ದೇನೆ. ಮುಂದಿನ ವಾರ್ಷಿಕ ಸಭೆಯಲ್ಲಿ ಅದು ಚರ್ಚೆಗೆ ಬರುತ್ತದೆ. ಲೀಡರ್ ಸಾಹೇಬರು ಮೊದಲೆರಡಕ್ಕೆ ಕೈ ಎತ್ತುತ್ತಾರಂತೆ.