ದೋಷ ಕಾಣುವ ಕಣ್ಣಿಗೆ ಬೆಲೆಯಿಲ್ಲವೇ?

ಹತ್ತಿಮತ್ತೂರಿನಂತಹ ಊರಿನಿಂದ ಬೆಂಗಳೂರಿಗೆ ಹೋದ ಮಗ ಸಾಫ್ಟ್‌ವೇರ್ ಪರೀಕ್ಷಕನೆಂದರೆ, "ಪ್ರೋಗ್ರಾಂ ಬರೆಯುವುದಿಲ್ಲವೇ?" ಎಂದು ಹಿರಿಯರೇ ಹುಬ್ಬೇರಿಸುತ್ತಾರೆ. ಬರೆಯುವವನಿಗಿಂತ ಪರೀಕ್ಷಕನಿಗೆ ಕಡಿಮೆ ವೇತನ ಕೊಡುವ ಕಂಪನಿಗಳೂ ಉಂಟು. ಕೆಲಸ ತಡವಾದರೆ ಮೊದಲು ಮೊಟಕಾಗುವುದು ಪರೀಕ್ಷೆಯ ಅವಧಿಯೇ.

ಇದು ಅನ್ಯಾಯವಷ್ಟೇ ಅಲ್ಲ, ಅಪಾಯವೂ ಹೌದು. 1985–87ರಲ್ಲಿ ಅಮೆರಿಕ, ಕೆನಡಾಗಳಲ್ಲಿ ಥೆರಾಕ್-25 ಎಂಬ ಚಿಕಿತ್ಸಾ ಯಂತ್ರವು ಆರು ರೋಗಿಗಳ ಮೇಲೆ ಮಿತಿಮೀರಿದ ವಿಕಿರಣವನ್ನು ಸುರಿಯಿತು, ಸಾವುಗಳೂ ಸಂಭವಿಸಿದವು. ಅದರ ಸಾಫ್ಟ್‌ವೇರಿನಲ್ಲಿ ದೋಷಗಳಿದ್ದವು. ಸಾಕಷ್ಟು ಪರೀಕ್ಷೆ ನಡೆದಿರಲಿಲ್ಲ.

ಬರೆದವನಿಗೆ ತನ್ನ ತಪ್ಪು ಸುಲಭವಾಗಿ ಕಾಣದು. ಅದನ್ನು ಕಾಣುವುದು ಬೇರೆಯದೇ ವಿದ್ಯೆ. ಸೋಸದ ನೀರನ್ನು ಮುಟ್ಟದ ಮನೆತನಗಳಿಗೆ ಸೋಸುವವನ ಶ್ರಮ ಕಿರಿದೆನಿಸಬಾರದು.

ಕಂಪನಿ ನಡೆಸುವ ಸಮಾಜಬಾಂಧವರು ಸಮಾನ ವೇತನ ಕೊಡಲಿ. ವರಾನ್ವೇಷಣೆಯಲ್ಲಿರುವ ತಂದೆತಾಯಿಗಳು ಈ ವೃತ್ತಿಯನ್ನು ಕೀಳೆಂದು ಭಾವಿಸದಿರಲಿ. ಗಣಕಯಂತ್ರಕ್ಕೆ ಲೆಕ್ಕ ಒಪ್ಪಿಸುವ ಟ್ರಸ್ಟುಗಳು ಪರೀಕ್ಷೆಯ ಖರ್ಚನ್ನೂ ತೆಗೆದಿಡಲಿ.