ಮಲೆನಾಡಿನ ಚಡಾವಿನಲ್ಲಿ ಸೈಕಲ್

ಮಲೆನಾಡಿಗೆ ಸೈಕಲ್ ಹೊಂದುವ ವಾಹನವಲ್ಲವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ವಿಜಯಪುರ, ಬಾಗಲಕೋಟೆ ಕಡೆಯ ತರುಣ ತರುಣಿಯರು ಸೈಕಲ್ಲಿನ ಮೇಲೆ ರಾಷ್ಟ್ರಮಟ್ಟದ ಪದಕಗಳನ್ನು ಗೆದ್ದು ತಂದಾಗಲೂ, 'ಅವರದು ಸಪಾಟು ನೆಲ, ನಮ್ಮದು ಏರು ಇಳಿವಿನ ಸೀಮೆ' ಎಂದು ನಾವು ಸಮಾಧಾನ ತಂದುಕೊಳ್ಳುತ್ತೇವೆ. ಆ ಮಾತು ಸುಳ್ಳೇನೂ ಅಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಒಂದು ಮೈಲಿ ಸಮತಟ್ಟಾದ ರಸ್ತೆ ದೊರೆಯುವುದು ದುರ್ಲಭ. ಆದರೆ ಆ ಮಾತಿನ ಮರೆಯಲ್ಲಿ ನಮ್ಮ ಮನೆಗಳಲ್ಲಿ ಏನು ನಡೆದಿದೆ ಎಂಬುದನ್ನು ಭಕ್ತಬಂಧುಗಳು ಯೋಚಿಸಬೇಕು. ತೋಟದ ಬೇಲಿಯವರೆಗೆ ಹೋಗಲು ಬೈಕು, ಡೈರಿಗೆ ಎರಡು ಲೀಟರ್ ಹಾಲು ಹಾಕಲು ಸ್ಕೂಟರು, ಗದ್ದೆಯ ಉಳುಮೆಗೆ ಟಿಲ್ಲರು ಬಂದಿವೆ. ಮೈಮುರಿದು ದುಡಿಯುತ್ತಿದ್ದವರ ಊಟದ ಪ್ರಮಾಣ ಮಾತ್ರ ಇಂದಿಗೂ ಹಾಗೆಯೇ ಉಳಿದಿದೆ. ದಾಸೋಹದ ಪಂಕ್ತಿಯಲ್ಲಿ ಕುಳಿತು ಊಟಕ್ಕೆ ಮೊದಲು ಗುಳಿಗೆಯ ಡಬ್ಬಿ ತೆರೆಯುವವರನ್ನು ನಾವು ಪ್ರತಿ ಬಾರಿಯೂ ಕಾಣುತ್ತೇವೆ. ಆ ಪಂಕ್ತಿಯಲ್ಲಿ ನಾವೂ ಇದ್ದೇವೆ.

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷಗಳಷ್ಟು ಸಾಧಾರಣ ಶ್ರಮದ ವ್ಯಾಯಾಮ ಮಾಡಬೇಕೆಂದೂ, ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಸಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಇದಕ್ಕಾಗಿ ಪಟ್ಟಣದವರು ಹಣ ತೆತ್ತು ಯಂತ್ರದ ಮೇಲೆ ನಡೆಯುತ್ತಾರೆ. ನಮಗೋ ಮನೆಯ ಬಾಗಿಲಿನಿಂದಲೇ ಚಡಾವು ಆರಂಭವಾಗುತ್ತದೆ.

ಕಳೆದ ಕಾರ್ತಿಕದಲ್ಲಿ ನಾವು ನಾಲ್ವರು ಸಾಗರದಿಂದ ತೀರ್ಥಹಳ್ಳಿಯವರೆಗೆ ಒಳದಾರಿಗಳಲ್ಲಿ ಮೂರು ದಿನ ಸೈಕಲ್ ತುಳಿದೆವು. ನಮ್ಮಲ್ಲಿ ಕಿರಿಯರಿಗೆ 42 ವರ್ಷ, ಹಿರಿಯರಿಗೆ 61. ಇಕ್ಕೇರಿಯ ಅಘೋರೇಶ್ವರನಿಗೆ ಕೈಮುಗಿದು ಹೊರಟು, ಬಟ್ಟೆಮಲ್ಲಪ್ಪದ ಮೂಲಕ ಹೊಸನಗರ ಸೇರಿದ್ದು ಮೊದಲ ದಿನ. ಹಳಗನ್ನಡದಲ್ಲಿ ಬಟ್ಟೆ ಎಂದರೆ ದಾರಿ. ಆ ಅರ್ಥದಲ್ಲಿ ಊರಿನ ಹೆಸರನ್ನು ಓದಿಕೊಂಡು ದಾರಿಹೋಕರಾದ ನಾವು ಸಂತೋಷಪಟ್ಟೆವು. ಎರಡನೆಯ ದಿನ ನಗರದ ಕೋಟೆಯನ್ನೂ ಕೆಳದಿಯ ಅರಸರ ಕಾಲದ ದೇವಗಂಗೆಯ ಕೊಳಗಳನ್ನೂ ಕಂಡು ಅಲ್ಲಿಯೇ ತಂಗಿದೆವು. ಮೂರನೆಯ ದಿನ ಕವಲೇದುರ್ಗದ ಬುಡಕ್ಕೆ ಹೋಗಿ, ಸಂಜೆ ತುಂಗೆಯ ಸೇತುವೆಯನ್ನು ತಲುಪಿದೆವು. ಒಟ್ಟು ದೂರವನ್ನು ಹೇಳಿಕೊಳ್ಳುವಂತಿಲ್ಲ. ಪಳಗಿದವರು ಒಂದೇ ದಿನದಲ್ಲಿ ಮುಗಿಸುತ್ತಾರೆ. ಕಡಿದಾದ ಏರುಗಳಲ್ಲಿ ನಾವು ಇಳಿದು ತಳ್ಳಿಕೊಂಡೇ ನಡೆದೆವು. ತಳ್ಳುವುದೂ ವ್ಯಾಯಾಮವೇ, ಅದರಲ್ಲಿ ನಾಚಿಕೊಳ್ಳುವುದೇನೂ ಇಲ್ಲ.

ಏರಿನಲ್ಲಿ ಹೆಚ್ಚೆಂದರೆ ಏದುಸಿರು ಬರುತ್ತದೆ. ಅಪಾಯವಿರುವುದು ಇಳಿಜಾರಿನಲ್ಲಿ. ನಗರ ದಾಟಿದ ಮೇಲೆ ಒಂದು ಇಳಿಜಾರಿನಲ್ಲಿ ನಮ್ಮ ಜೊತೆಯ ಹಿರಿಯರು ಬ್ರೇಕ್ ಅದುಮಿದರೂ ಗಾಲಿ ನಿಲ್ಲಲಿಲ್ಲ. ಹಿಂದಿನ ರಾತ್ರಿ ಮಳೆ ಬಿದ್ದು ರಿಮ್ಮಿಗೆ ಕೆಮ್ಮಣ್ಣು ಮೆತ್ತಿತ್ತು. ಅವರು ಬುದ್ಧಿವಂತಿಕೆಯಿಂದ ಸೈಕಲ್ಲನ್ನು ಮೇಲ್ಬದಿಯ ದರೆಗೆ ತಿರುಗಿಸಿದರು. ಎದುರಿಗೆ ಇದ್ದದ್ದು ಕಣಿವೆ. ಮುಂಗೈ ಉಳುಕಿತು, ಹೆಲ್ಮೆಟ್ ಬಿರುಕುಬಿಟ್ಟಿತು, ತಲೆ ಉಳಿಯಿತು. ಸೈಕಲ್ಲನ್ನು ಮಗುಚಿ ನೋಡಿದರೆ ಬ್ರೇಕಿನ ರಬ್ಬರು ಸವೆದು ಲೋಹವೇ ರಿಮ್ಮಿಗೆ ತಾಗುತ್ತಿತ್ತು. ಹೊರಡುವ ವಾರ ಮೊದಲು ಹೊಸ ರಬ್ಬರು ಹಾಕಿದ್ದೇವೆಂದು ಒಂದು ಅಂಗಡಿಯವರು ಹಣ ಪಡೆದಿದ್ದರು. ಅವರನ್ನು ದೂರುವುದಕ್ಕಿಂತ ಮೊದಲು ನಮ್ಮನ್ನು ನಾವು ದೂರಿಕೊಂಡೆವು. ಚೀಲಗಳನ್ನು ಕಟ್ಟಲು ಒಂದು ಸಂಜೆಯನ್ನೇ ಕಳೆದಿದ್ದ ನಾವು ಬ್ರೇಕನ್ನು ಬಗ್ಗಿ ನೋಡಲು ಒಂದು ನಿಮಿಷ ಕೊಟ್ಟಿರಲಿಲ್ಲ.

ಗುಡ್ಡಗಾಡಿನ ಸೈಕಲ್ಲಿನ ಚರಿತ್ರೆಯೇ ಒಂದರ್ಥದಲ್ಲಿ ಬ್ರೇಕಿನ ಚರಿತ್ರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್‌ಫ್ರಾನ್ಸಿಸ್ಕೋ ನಗರದ ಉತ್ತರಕ್ಕಿರುವ ಮರಿನ್ ಪ್ರಾಂತದ ಬೆಟ್ಟಗಳಲ್ಲಿ, 1970ರ ದಶಕದ ತರುಣರು ದಪ್ಪ ಟಯರಿನ ಹಳೆಯ ಸೈಕಲ್ಲುಗಳನ್ನು ಮಣ್ಣುದಾರಿಯಲ್ಲಿ ಇಳಿಸುತ್ತಿದ್ದರು. ಹಿಂದಿನ ಗಾಲಿಯ ಹಬ್ಬಿನೊಳಗಿದ್ದ ಬ್ರೇಕು ಒಂದು ಇಳಿಜಾರಿಗೇ ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಹಬ್ಬನ್ನು ಬಿಚ್ಚಿ ಹೊಸ ಗ್ರೀಸು ತುಂಬಬೇಕಾದುದರಿಂದ ಆ ದಾರಿಗೆ ರೀಪ್ಯಾಕ್, ಎಂದರೆ ಮರುತುಂಬು, ಎಂಬ ಹೆಸರೇ ಬಂದಿತು. ಅಲ್ಲಿ 1976ರಲ್ಲಿ ಪಂದ್ಯಗಳು ಆರಂಭವಾದವು. ಮರುವರ್ಷ ಜೋ ಬ್ರೀಜ್ ಎಂಬುವರು ಬೆಟ್ಟಕ್ಕೆಂದೇ ಹೊಸ ಚೌಕಟ್ಟನ್ನು ಕಟ್ಟಿದರು. 1996ರ ಅಟ್ಲಾಂಟಾ ಒಲಿಂಪಿಕ್ಸ್ ವೇಳೆಗೆ ಆ ಹುಡುಗಾಟ ಒಂದು ಅಧಿಕೃತ ಕ್ರೀಡೆಯಾಗಿತ್ತು.

ಈಗಿನ ಡಿಸ್ಕ್ ಬ್ರೇಕು ಗಾಲಿಯ ನಡುವೆ, ಕೆಸರಿನಿಂದ ದೂರದಲ್ಲಿ ಹಿಡಿಯುತ್ತದೆ. ಕೆಮ್ಮಣ್ಣಿನ ನಾಡಿಗೆ ಅದೇ ಸರಿ ಎಂಬುದು ನಮ್ಮ ಅನುಭವ. ಎಣ್ಣೆಯ ಒತ್ತಡದಿಂದ ನಡೆಯುವುದಕ್ಕಿಂತ ತಂತಿಯಿಂದ ಎಳೆಯುವುದೇ ನಮಗೆ ಮೇಲು. ತಂತಿ ಹರಿದರೆ ರಿಪ್ಪನ್‌ಪೇಟೆಯಲ್ಲಿಯೂ ಸಿಕ್ಕೀತು. ಗೇರಿನ ವಿಷಯದಲ್ಲಿ ಹೆಸರುಗಳಿಗೆ ಮರುಳಾಗದೆ ಹಲ್ಲುಗಳನ್ನು ಎಣಿಸಬೇಕು. ಸಾಮಾನ್ಯ ಸೈಕಲ್ಲಿನಲ್ಲಿ ಮುಂದೆ 44 ಹಲ್ಲು, ಹಿಂದೆ 18 ಇದ್ದರೆ ಪೆಡಲ್ ಒಂದು ಸುತ್ತು ತಿರುಗುವಾಗ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. ಬಯಲಿನಲ್ಲಿ ಅದು ವರ, ಚಡಾವಿನಲ್ಲಿ ಮಂಡಿಗೆ ಶಿಕ್ಷೆ. ಮುಂದೆ 32, ಹಿಂದೆ 42 ಹಲ್ಲಿನ ಜೋಡಣೆ ಇದ್ದರೆ ಗಾಲಿ ಮುಕ್ಕಾಲು ಸುತ್ತು ಮಾತ್ರ ತಿರುಗುವುದರಿಂದ ಅರವತ್ತರ ಕಾಲುಗಳೂ ಏರನ್ನು ಏರಬಲ್ಲವು. 'ಮಲೆನಾಡಿಗೆ ಸೈಕಲ್ ಆಗದು' ಎಂಬ ಮಾತಿಗೆ ನಮ್ಮ ಉತ್ತರ ಇಷ್ಟೇ: ಆಗದಿದ್ದುದು ಆ ಗೇರು. ಸೀಟಿನ ಎತ್ತರವೂ ಮುಖ್ಯ. ಪೆಡಲ್ ಕೆಳಗಿದ್ದಾಗ ಮಂಡಿ ಕೊಂಚ ಮಾತ್ರ ಬಾಗಿರಬೇಕು. ಸೀಟು ತಗ್ಗಾದರೆ ಮಂಡಿ ನೋಯುತ್ತದೆ, ಜನ ಸೈಕಲ್ಲನ್ನು ಬೈಯುತ್ತಾರೆ.

ಸಾಮಾನುಗಳನ್ನು ಚೌಕಟ್ಟಿನ ತ್ರಿಕೋನದಲ್ಲಿ, ಹ್ಯಾಂಡಲಿಗೆ, ಸೀಟಿನ ಹಿಂದಕ್ಕೆ ಚೀಲ ಮಾಡಿ ಕಟ್ಟಿಕೊಂಡು ದಿನಗಟ್ಟಲೆ ತಿರುಗುವುದನ್ನು ಈಗ ಬೈಕ್‌ಪ್ಯಾಕಿಂಗ್ ಎನ್ನುತ್ತಾರೆ. ಭಾರ ಗಾಲಿಗಳ ನಡುವೆ, ತಗ್ಗಿನಲ್ಲಿ ನಿಲ್ಲುವುದರಿಂದ ಮಣ್ಣುದಾರಿಯಲ್ಲಿ ಸೈಕಲ್ ತೂರಾಡುವುದಿಲ್ಲ. ಆ ಯುಕ್ತಿ ಒಳ್ಳೆಯದು. ಆದರೆ ಅದನ್ನು ಕಂಡು ಬೆರಗಾಗುವ ನಮ್ಮ ಹುಡುಗರಿಗೆ ಒಂದು ಮಾತು. ಎರಡು ಕಡೆ ಹಾಲಿನ ಕ್ಯಾನು ತೂಗುಹಾಕಿಕೊಂಡು ಬಂದವರು, ಆಳೆತ್ತರದ ಬಟ್ಟೆಯ ಗಂಟನ್ನು ಕ್ಯಾರಿಯರಿಗೆ ಬಿಗಿದು ಹಳ್ಳಿ ಸುತ್ತಿದವರು, ಮಳೆಯಲ್ಲಿ ಪತ್ರ ನೆನೆಯದಂತೆ ತಂದುಕೊಟ್ಟ ಅಂಚೆಯಣ್ಣ, ಇವರೆಲ್ಲ ಏನು ಮಾಡುತ್ತಿದ್ದರು? ಅವರದು ಕಾಯಕವಾಗಿತ್ತು. ನಮ್ಮದು ವಿಹಾರ. ಲಕ್ಷ ರೂಪಾಯಿಯ ಸೈಕಲ್ ಕೊಳ್ಳದೆ ಆರೋಗ್ಯವಿಲ್ಲವೆಂಬ ಭ್ರಮೆಯನ್ನು ನಾವು ಒಪ್ಪುವುದಿಲ್ಲ. ನಮ್ಮ ಚೀಲಗಳಲ್ಲಿ ಇದ್ದುದು ಒಂದು ಜೊತೆ ಬಟ್ಟೆ, ಹೊದಿಕೆ, ಬಿಡಿ ಟ್ಯೂಬು, ಪಂಪು, ಅವಲಕ್ಕಿ, ಬೆಲ್ಲ, ಉಪ್ಪು ಬೆರೆಸಿದ ನಿಂಬೆಹಣ್ಣಿನ ಪಾನಕ. ಸಕ್ಕರೆ ಕಾಯಿಲೆಗೆ ಔಷಧಿ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ದೀರ್ಘ ಶ್ರಮದ ನಡುವೆ ರಕ್ತದ ಸಕ್ಕರೆ ಕುಸಿದು ಬೆವರಿ ನಡುಗುವುದುಂಟು; ಬೆಲ್ಲ ಅವರ ಕೈಗೆ ಸಿಗುವಂತಿರಲಿ. ಎದೆನೋವಿನ ಇತಿಹಾಸವಿರುವವರು ವೈದ್ಯರನ್ನು ಕೇಳದೆ ಹೊರಡಕೂಡದು.

ಇನ್ನು ನಾವು ಗಂಭೀರವಾಗಿ ಹೇಳಬೇಕಾದ ವಿಷಯ ಕಾಲದ್ದು. ಮಳೆಗಾಲದಲ್ಲಿ ಇಲ್ಲಿ ಸೈಕಲ್ ತುಳಿಯುವುದು ಇಂಬಳಗಳಿಗೆ ದಾಸೋಹ ನಡೆಸಿದಂತೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆಯೇ 7,000 ಮಿಲಿಮೀಟರ್ ಮೀರುತ್ತದೆ. ಮಳೆ ನಿಂತು ದಾರಿ ಒಣಗಿ, ಚಳಿ ಹಿತವಾಗಿ, ಕಾಡು ಕೈಬೀಸಿ ಕರೆಯುವ ಕಾಲವೇ ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಕಾಯಿಲೆ ನಮ್ಮ ಮೂರೂ ತಾಲ್ಲೂಕುಗಳಲ್ಲಿ ಮನೆ ಮಾಡಿದೆ. ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ 2018ರ ಕೊನೆಯಿಂದ 2019ರವರೆಗೆ ಅದು ಎಷ್ಟು ಮನೆಗಳ ದೀಪ ಆರಿಸಿತೆಂಬುದನ್ನು ಆ ಸೀಮೆಯವರು ಮರೆತಿಲ್ಲ. ರೋಗ ಹರಡುವುದು ಉಣುಗಿನಿಂದ. ಸಾಸಿವೆಗಿಂತ ದೊಡ್ಡದಲ್ಲದ ಉಣುಗಿನ ಮರಿಗಳು ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಡಿನ ತರಗೆಲೆಯಲ್ಲಿಯೂ ಕುರುಚಲಿನಲ್ಲಿಯೂ ಕಾದಿರುತ್ತವೆ. ಇದಕ್ಕೆಂದೇ ಆದ ಔಷಧಿಯಿಲ್ಲ. ಲಕ್ಷಣಗಳಿಗೆ ಚಿಕಿತ್ಸೆ ನೀಡಿ ಕಾಪಾಡಬೇಕಷ್ಟೆ.

ಹೊರಗಿನಿಂದ ಬರುವ ಸವಾರರಿಗೆ ಇದರ ಅರಿವಿರುವುದಿಲ್ಲ. ಏರು ಹತ್ತಿ ದಣಿದೊಡನೆ ಸೈಕಲ್ಲನ್ನು ತರಗೆಲೆಯ ಮೇಲೆ ಮಲಗಿಸಿ, ಪಕ್ಕದಲ್ಲಿ ತಾವೂ ಒರಗುತ್ತಾರೆ. ಮತ್ತೆ ಆ ಚೀಲಗಳನ್ನೇ ಮನೆಯೊಳಗೆ ಹಾಸಿಗೆಯ ಬಳಿ ಇಡುತ್ತಾರೆ. ಆದುದರಿಂದ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ಕಾಡಿನ ಅಂಚಿನ ಮಣ್ಣುದಾರಿಗಳ ಸವಾರಿ ಅಕ್ಟೋಬರ್, ನವೆಂಬರ್ ತಿಂಗಳುಗಳಿಗೆ ಮುಗಿಯಲಿ. ಡಿಸೆಂಬರಿನ ಮೇಲೆ ಡಾಂಬರು ರಸ್ತೆ, ಗದ್ದೆಬಯಲು, ಊರ ನಡುವಿನ ದಾರಿಗಳು ಸಾಕು. ಹೋಗಲೇಬೇಕಾದವರು ಮೈತುಂಬ ಬಟ್ಟೆ ಧರಿಸಿ, ಆರೋಗ್ಯ ಇಲಾಖೆ ಕಾಡಂಚಿನ ಊರುಗಳಲ್ಲಿ ಹಂಚುವ ಡೇಪಾ ತೈಲವನ್ನು ಹಚ್ಚಿಕೊಂಡು, ಮರಳಿದೊಡನೆ ಬಿಸಿನೀರಿನಲ್ಲಿ ಮಿಂದು, ಬಟ್ಟೆ ಚೀಲಗಳನ್ನು ಹೊರಗೇ ತೊಳೆಯಬೇಕು. ಮಂಗ ಸತ್ತ ಸುದ್ದಿ ಬಂದ ಕಡೆಗೆ ತಲೆ ಹಾಕಲೇಬಾರದು. ವಾರದೊಳಗೆ ಹಠಾತ್ತನೆ ತೀವ್ರ ಜ್ವರ, ತಲೆನೋವು, ಮೈಕೈ ನೋವು ಕಂಡರೆ ಗುಳಿಗೆ ನುಂಗಿ ಮಲಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದೆವೆಂದು ಬಾಯಿಬಿಟ್ಟು ಹೇಳಬೇಕು.

ಕವಲೇದುರ್ಗದಲ್ಲಿ ನಾವು ಸೈಕಲ್ಲುಗಳನ್ನು ಕೆಳಗೇ ಬಿಟ್ಟು ನಡೆದೆವು. ಶತಮಾನಗಳ ಕಲ್ಲುಹಾಸಿನ ಮೇಲೆ ಗಾಲಿ ಹಾರಿಸುವುದು ಸಾಹಸವೆನಿಸಿಕೊಳ್ಳದು. ಕೊಡಚಾದ್ರಿಯ ಹುಲ್ಲುಗಾವಲಿಗೂ ಇದೇ ಮಾತು.

ಕಡೆಯದಾಗಿ ಮಕ್ಕಳ ವಿಚಾರ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲಾರಂಭಿಸಿದಾಗ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳಿಗೆ ಪ್ರೌಢಶಾಲೆ ಹತ್ತಿರವಾಯಿತು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತುಹೋಯಿತು. ಗೇರಿಲ್ಲದ ಆ ಸೈಕಲ್ಲು ನಮ್ಮ ಗುಡ್ಡಗಳಿಗೆ ಭಾರವಾಗಿತ್ತೆಂಬುದು ನಿಜ. ಆದರೂ ಅದು ಇತ್ತು. ಈಗ ಆ ಜಾಗಕ್ಕೆ ಬಂದಿರುವುದು ಅಪ್ಪನ ಸ್ಕೂಟರು. 16 ವರ್ಷ ತುಂಬದವರಿಗೆ ಯಾವ ಮೋಟಾರು ವಾಹನದ ಪರವಾನಗಿಯೂ ಇಲ್ಲ. ಮಕ್ಕಳು ಓಡಿಸಿ ತಪ್ಪು ಮಾಡಿದರೆ ಪಾಲಕರಿಗೇ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದೆಂದು 2019ರ ತಿದ್ದುಪಡಿ ಹೇಳುತ್ತದೆ. ಕಾನೂನಿನ ಮಾತು ಹಾಗಿರಲಿ, ಹದಿನಾಲ್ಕರ ಬಾಲಕನನ್ನು ಸ್ಕೂಟರಿನ ಮೇಲೆ ಕೂರಿಸಿ ಕಳುಹಿಸಿದ ತಾಯಿ ಸಂಜೆಯವರೆಗೆ ನೆಮ್ಮದಿಯಾಗಿ ಇರುತ್ತಾಳೆಯೇ?

ಹೊಸನಗರ ತಾಲ್ಲೂಕಿನ ಒಂದು ಮನೆಯಲ್ಲಿ ನೀರು ಕೇಳಲು ನಿಂತಾಗ ಕೊಟ್ಟಿಗೆಯ ಗೋಡೆಗೆ ಒರಗಿದ್ದ ಅಂಥದೊಂದು ಸೈಕಲ್ಲನ್ನು ಕಂಡೆವು. ಶಿವಮೊಗ್ಗದಲ್ಲಿ ಓದುತ್ತಿರುವ ಅಕ್ಕನಿಗೆ ಶಾಲೆಯಲ್ಲಿ ಕೊಟ್ಟದ್ದು. ತಂಗಿ ಈಗ ಎಂಟನೆಯ ತರಗತಿ, ಮೂರು ಕಿಲೋಮೀಟರ್ ನಡೆದು ಹೋಗುತ್ತಾಳೆ. 'ಬ್ರೇಕೇ ಹಿಡಿಯಲ್ಲ ಕಣ್ರಪ್ಪಾ, ಹೆಂಗೆ ಕೊಡಾದು?' ಎಂದರು ಅಜ್ಜಿ. ನಮ್ಮಲ್ಲಿದ್ದ ಬಿಡಿ ರಬ್ಬರು, ತಂತಿಗಳನ್ನು ಹಾಕಿ, ಚೈನಿಗೆ ಎಣ್ಣೆ ಬಿಟ್ಟು, ಸೀಟನ್ನು ಅವಳ ಅಳತೆಗೆ ಇಳಿಸಲು ಒಂದು ಗಂಟೆಯೂ ಬೇಕಾಗಲಿಲ್ಲ. ಮರುದಿನ ನಮ್ಮ ಹಿರಿಯರಿಗೆ ಬೇಕಾದಾಗ ಆ ರಬ್ಬರು ನಮ್ಮಲ್ಲಿ ಇರಲಿಲ್ಲ. ಆ ಬಗ್ಗೆ ಅವರು ಇದುವರೆಗೆ ಒಂದು ಮಾತೂ ಆಡಿಲ್ಲ.

ಅಂಗಳದಲ್ಲಿ ಎರಡು ಸುತ್ತು ಹಾಕಿ ಹುಡುಗಿ ದಾರಿಗಿಳಿದಳು. ಹಳ್ಳದ ಬಳಿ ಅವಳು ಇಳಿಯಬೇಕಾಯಿತು. ಅಲ್ಲಿರುವ ಕಾಲುಸಂಕಕ್ಕೆ ಎರಡು ಅಡಕೆ ದಬ್ಬೆಯ ಅಗಲವಿದೆ, ಹಿಡಿಯಲು ಒಂದು ಕಡೆ ಮಾತ್ರ ಬಿದಿರು. ಸೈಕಲ್ಲನ್ನು ಅದರ ಮೇಲೆ ಉರುಳಿಸಿಕೊಂಡು ಹೋಗುವುದು ಅಸಾಧ್ಯ. ನಮ್ಮಲ್ಲೊಬ್ಬರು ಹೊತ್ತು ದಾಟಿಸಿದರು. ಪ್ರತಿದಿನ ಹೊತ್ತು ದಾಟಿಸುವವರು ಯಾರು? ಶ್ರೀಮಠದ ಭಕ್ತರಲ್ಲಿ ಗ್ರಾಮ ಪಂಚಾಯಿತಿಯ ಸದಸ್ಯರು ಅನೇಕರಿದ್ದಾರೆ. ಮುಂದಿನ ಗ್ರಾಮಸಭೆಯಲ್ಲಿ ತಮ್ಮ ಊರಿನ ಸಂಕಗಳ ಪಟ್ಟಿಯನ್ನು ಬರೆದು ಕೊಡುವಾಗ, ಒಂದು ಮಗು ಸೈಕಲ್ಲನ್ನು ಪಕ್ಕದಲ್ಲಿ ಹಿಡಿದು ದಾಟುವಷ್ಟು ಅಗಲ, ಎರಡೂ ಕಡೆ ಕೈಪಿಡಿ, ಎಂದು ಅಳತೆಯನ್ನೂ ನಮೂದಿಸಬೇಕೆಂದು ಅವರಲ್ಲಿ ಕೇಳಿಕೊಳ್ಳುತ್ತೇವೆ.